ಒಂದು ಚೀಲ ರಕ್ತ ಮೂರಾಗುವ ಬಗೆ

ಡೆಂಗೆ ರೋಗಿಯ ಮನೆಯವರ ಕೈಗೆ ವಾರ್ಡಿನಿಂದ ಒಂದು ಚೀಟಿ ಬರುತ್ತದೆ: ‘ಆರ್‌ಡಿಪಿ 4, ಬಿ ಪಾಸಿಟಿವ್’. ಅಂದರೆ ಬಿ ಪಾಸಿಟಿವ್ ಗುಂಪಿನ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಕಣಗಳ ನಾಲ್ಕು ಚೀಲ. ಅದನ್ನು ಹಿಡಿದುಕೊಂಡು ರಕ್ತನಿಧಿಗೆ ಓಡುತ್ತಾರೆ. ಜೊತೆಗೆ ಅದೇ ಗುಂಪಿನ ನಾಲ್ವರು ಗೆಳೆಯರು ಅಂಗಿಯ ತೋಳು ಮಡಚಿ ನಿಂತಿರುತ್ತಾರೆ. ‘ನಮ್ಮ ರಕ್ತ ತಗೊಳ್ಳಿ, ಈಗಲೇ ಪ್ಲೇಟ್‌ಲೆಟ್ ಕೊಡಿ’ ಎಂದು ಕೇಳುತ್ತಾರೆ. ಕೌಂಟರಿನಲ್ಲಿರುವವರು ‘ನಿಮ್ಮದು ಸಿದ್ಧವಾಗುವುದು ನಾಳೆ, ಸದ್ಯಕ್ಕೆ ಇರುವುದು ಎರಡೇ ಯೂನಿಟ್’ ಎಂದರೆ ಸಿಟ್ಟು ಬರುವುದು ಸಹಜ. ರಕ್ತ ಕೊಡುವವರು ಕಣ್ಣೆದುರೇ ಇದ್ದಾರೆ, ಮತ್ತೇಕೆ ನಾಳೆ?

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ ಮೇಲೆ ಪ್ಲೇಟ್‌ಲೆಟ್ ಎಂಬ ಪದ ಮನೆಮನೆಯ ಮಾತಾಯಿತು. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದಾಗಿ ಅದು ಮೊದಲೇ ಪರಿಚಿತ. ಆದರೆ ಆ ಹಳದಿ ದ್ರವದ ಪುಟ್ಟ ಚೀಲ ಎಲ್ಲಿಂದ ಬರುತ್ತದೆ, ಐದೇ ದಿನಕ್ಕೆ ಯಾಕೆ ಕೆಡುತ್ತದೆ, ರಕ್ತವನ್ನು ಫ್ರಿಜ್‌ನಲ್ಲಿಡುವವರು ಇದನ್ನು ಮಾತ್ರ ಯಾಕೆ ಹೊರಗಿಡುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ರಕ್ತದೊಳಗೆ ಏನೇನಿದೆ

ರಕ್ತದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಪ್ಲಾಸ್ಮಾ. ಇದು ತಿಳಿ ಹಳದಿ ನೀರು. ಅದರಲ್ಲಿ ಪ್ರೋಟೀನು, ಉಪ್ಪು, ಸಕ್ಕರೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಕರಗಿವೆ. ಉಳಿದದ್ದು ಕಣಗಳು. ಕೆಂಪುಕಣ ಆಮ್ಲಜನಕ ಹೊರುತ್ತದೆ, ಸುಮಾರು 120 ದಿನ ಬದುಕುತ್ತದೆ. ಬಿಳಿಕಣ ಸೋಂಕಿನ ವಿರುದ್ಧ ಹೋರಾಡುತ್ತದೆ. ಪ್ಲೇಟ್‌ಲೆಟ್ ಗಾಯವಾದ ಕಡೆ ಒಂದಕ್ಕೊಂದು ಅಂಟಿಕೊಂಡು ರಕ್ತನಾಳದ ತೂತು ಮುಚ್ಚುತ್ತದೆ. ಅದರ ಆಯಸ್ಸು 8ರಿಂದ 10 ದಿನ. ಶಾಲಾ ಪುಸ್ತಕದಲ್ಲಿ ಇದಕ್ಕೆ ಕಿರುತಟ್ಟೆ ಎಂಬ ಹೆಸರಿದೆ.

‘ಡೆಂಗೆ ಬಂದು ಬಿಳಿ ರಕ್ತಕಣ ಇಳಿದಿದೆ, ಬಿಳಿ ರಕ್ತ ಬೇಕು’ ಎನ್ನುವವರು ಬಹಳ ಮಂದಿ. ಅವರು ಹೇಳುತ್ತಿರುವುದು ಪ್ಲೇಟ್‌ಲೆಟ್ ಬಗ್ಗೆ. ಡೆಂಗೆಯಲ್ಲಿ ಬಿಳಿಕಣವೂ ಇಳಿಯುತ್ತದೆ, ಆದರೆ ಚೀಲದಲ್ಲಿ ತಂದು ಏರಿಸುವುದು ಪ್ಲೇಟ್‌ಲೆಟ್. ಬಿಳಿಕಣವನ್ನು ಹೆಚ್ಚಿನ ರೋಗಿಗಳಿಗೆ ಕೊಡುವುದಿಲ್ಲ. ಚೀಲದಲ್ಲಿ ಅದು ಉಳಿದಿದ್ದರೆ ತೊಂದರೆಯೇ ಜಾಸ್ತಿ.

ರಕ್ತಹೀನತೆ ಇದ್ದವರಿಗೆ ಬೇಕಾದದ್ದು ಕೆಂಪುಕಣ. ಡೆಂಗೆಯಲ್ಲಿ ರಕ್ತಸ್ರಾವವಾದವರಿಗೆ, ಕೀಮೋಥೆರಪಿ ಪಡೆಯುತ್ತಿರುವವರಿಗೆ ಪ್ಲೇಟ್‌ಲೆಟ್. ಯಕೃತ್ತು ಕೆಟ್ಟು ರಕ್ತ ಹೆಪ್ಪುಗಟ್ಟದವರಿಗೆ ಪ್ಲಾಸ್ಮಾ. ಇಡೀ ರಕ್ತವನ್ನೇ ಏರಿಸಿದರೆ ಬೇಕಾದದ್ದು ಸ್ವಲ್ಪ ಸಿಕ್ಕಿ, ಬೇಡದ್ದು ನೂರಾರು ಮಿಲಿಲೀಟರ್ ಒಳಗೆ ಹೋಗಿ ಹೃದಯಕ್ಕೆ ಹೊರೆಯಾಗುತ್ತದೆ. ಬೇರ್ಪಡಿಸಿದರೆ ಒಬ್ಬ ದಾನಿಯ ಒಂದು ಚೀಲ ಮೂವರಿಗೆ ಒದಗುತ್ತದೆ. ಇದಕ್ಕಿಂತಲೂ ಗಟ್ಟಿಯಾದ ಕಾರಣ ಇನ್ನೊಂದಿದೆ: ಈ ಮೂರೂ ಒಂದೇ ಉಷ್ಣಾಂಶದಲ್ಲಿ ಬದುಕುವುದಿಲ್ಲ. ಕೆಂಪುಕಣಕ್ಕೆ 4 ಡಿಗ್ರಿ ಸೆಲ್ಸಿಯಸ್ ಬೇಕು, ಪ್ಲೇಟ್‌ಲೆಟ್‌ಗೆ 22, ಪ್ಲಾಸ್ಮಾಕ್ಕೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಇಡೀ ರಕ್ತವನ್ನು ಫ್ರಿಜ್‌ನಲ್ಲಿಟ್ಟರೆ ಕೆಂಪುಕಣ ಉಳಿಯುತ್ತದೆ. ಪ್ಲೇಟ್‌ಲೆಟ್ ಒಂದೆರಡು ದಿನದಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ, ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಸೂಕ್ಷ್ಮವಾದವು ಕುಗ್ಗುತ್ತವೆ.

ದಾನಿಯ ತೋಳಿನಿಂದ ಚೀಲಕ್ಕೆ

ಭಾರತದಲ್ಲಿ ರಕ್ತ ಸಂಗ್ರಹಿಸುವುದು 350 ಅಥವಾ 450 ಮಿಲಿಲೀಟರ್ ಚೀಲಗಳಲ್ಲಿ. 350ಕ್ಕೆ ದಾನಿಯ ತೂಕ ಕನಿಷ್ಠ 45 ಕೆ.ಜಿ. ಇರಬೇಕು, 450ಕ್ಕೆ 55 ಕೆ.ಜಿ.ಗಿಂತ ಹೆಚ್ಚು. ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು.

ಚೀಲ ಒಂದೇ ಅಲ್ಲ. ಒಂದು ದೊಡ್ಡ ಚೀಲಕ್ಕೆ ಕೊಳವೆಗಳ ಮೂಲಕ ಎರಡೋ ಮೂರೋ ಖಾಲಿ ಮರಿಚೀಲಗಳು ಅಂಟಿಕೊಂಡೇ ಬರುತ್ತವೆ. ಇದನ್ನು ಟ್ರಿಪಲ್ ಬ್ಯಾಗ್, ಕ್ವಾಡ್ರುಪಲ್ ಬ್ಯಾಗ್ ಎನ್ನುತ್ತಾರೆ. ರಕ್ತ ಗಾಜಿನ ಬಾಟಲಿಯಲ್ಲಿದ್ದ ಕಾಲದಲ್ಲಿ ಬೇರ್ಪಡಿಸಬೇಕೆಂದರೆ ಮುಚ್ಚಳ ತೆಗೆಯಬೇಕಿತ್ತು, ಗಾಳಿಯ ಜೊತೆ ಬ್ಯಾಕ್ಟೀರಿಯಾವೂ ಒಳಹೊಗುತ್ತಿತ್ತು. 1950ರ ಹೊತ್ತಿಗೆ ಅಮೆರಿಕದ ಕಾರ್ಲ್ ವಾಲ್ಟರ್ ಪ್ಲಾಸ್ಟಿಕ್ ಚೀಲ ರೂಪಿಸಿದ ಮೇಲೆ, ಹೊರಗಿನ ಗಾಳಿ ಸೋಕದಂತೆ ಒಂದು ಚೀಲದಿಂದ ಇನ್ನೊಂದಕ್ಕೆ ಹಿಂಡುವುದು ಸಾಧ್ಯವಾಯಿತು. ಇಂದಿನ ವಿಂಗಡಣೆಯೆಲ್ಲ ನಿಂತಿರುವುದು ಆ ಮೆತ್ತನೆಯ ಚೀಲದ ಮೇಲೆ.

ದೊಡ್ಡ ಚೀಲದಲ್ಲಿ ಮೊದಲೇ ಒಂದು ದ್ರಾವಣ ಇರುತ್ತದೆ. 350 ಮಿಲಿಲೀಟರ್ ರಕ್ತಕ್ಕೆ 49, 450ಕ್ಕೆ 63 ಮಿಲಿಲೀಟರ್. ಅಂದರೆ ನೂರಕ್ಕೆ 14. ಅದರಲ್ಲಿರುವ ಸಿಟ್ರೇಟ್, ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಡೆಕ್ಸ್‌ಟ್ರೋಸ್ ಸಕ್ಕರೆ ಕಣಗಳಿಗೆ ಊಟ, ಫಾಸ್ಫೇಟ್ ಹುಳಿಯೇರದಂತೆ ತಡೆಯುತ್ತದೆ, ಅಡೆನಿನ್ ಕೆಂಪುಕಣದ ಶಕ್ತಿ ಉಳಿಸುತ್ತದೆ. ಪ್ರಮಾಣ ಲೆಕ್ಕವಿಟ್ಟೇ ಹಾಕಿರುವುದರಿಂದ ಚೀಲ ಅರ್ಧ ತುಂಬುವಷ್ಟರಲ್ಲಿ ದಾನಿ ಎದ್ದರೆ ಸಿಟ್ರೇಟ್ ಅತಿಯಾಗುತ್ತದೆ, ಮಿತಿ ಮೀರಿ ತುಂಬಿದರೆ ಸಿಟ್ರೇಟ್ ಸಾಲದೆ ಗೆಡ್ಡೆ ಕಟ್ಟುತ್ತದೆ. ಚೀಲವನ್ನು ತೂಗುತ್ತಲೇ ಮೆಲ್ಲಗೆ ಅಲುಗಾಡಿಸುವ ಯಂತ್ರದ ಮೇಲೆ ಇಡುವುದು ಇದಕ್ಕೇ. ರಕ್ತ ಒಳಗೆ ಬೀಳುತ್ತಿದ್ದಂತೆ ದ್ರಾವಣದ ಜೊತೆ ಬೆರೆಯಬೇಕು.

ರಕ್ತ ಎಷ್ಟು ಹೊತ್ತಿನಲ್ಲಿ ತುಂಬಿತು ಎಂಬುದನ್ನೂ ಬರೆದಿಡುತ್ತಾರೆ. ಸರಾಗವಾಗಿ ಹರಿದರೆ 8-10 ನಿಮಿಷ ಸಾಕು. ಸೂಜಿ ಸರಿಯಾಗಿ ಕೂರದೆ 15 ನಿಮಿಷ ದಾಟಿತೆಂದರೆ ಕೊಳವೆಯಲ್ಲೇ ಹೆಪ್ಪುಗಟ್ಟುವ ಕ್ರಿಯೆ ಶುರುವಾಗಿ ಪ್ಲೇಟ್‌ಲೆಟ್ ಕೆರಳಿರುತ್ತದೆ. ಅಂಥ ಚೀಲದಿಂದ ಪ್ಲೇಟ್‌ಲೆಟ್ ತೆಗೆಯುವುದಿಲ್ಲ. ಮೂರು ದಿನದೊಳಗೆ ಆಸ್ಪಿರಿನ್ ನುಂಗಿದ ದಾನಿಯ ಪ್ಲೇಟ್‌ಲೆಟ್ ಕೂಡ ಬೇಡ. ಆ ಮಾತ್ರೆ ಪ್ಲೇಟ್‌ಲೆಟ್‌ನ ಅಂಟುವ ಗುಣವನ್ನು ಅದರ ಆಯಸ್ಸಿಡೀ ಕುಂದಿಸುತ್ತದೆ. ದಾನಕ್ಕೆ ಮುನ್ನ ತುಂಬಿಸುವ ಫಾರ್ಮಿನಲ್ಲಿ ಮಾತ್ರೆಗಳ ಪ್ರಶ್ನೆ ಇರುವುದು ಸುಮ್ಮನೆ ಅಲ್ಲ.

ತಿರುಗಣಿಯಲ್ಲಿ ವಿಂಗಡಣೆ

ರಾಗಿ ಹಿಟ್ಟನ್ನು ನೀರಿಗೆ ಕಲಸಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ರಕ್ತವನ್ನು ಸುಮ್ಮನೆ ಇಟ್ಟರೂ ಹೀಗೆಯೇ, ಆದರೆ ಬಹಳ ಹೊತ್ತು ಬೇಕು, ವಿಂಗಡಣೆಯೂ ಸ್ವಚ್ಛವಾಗಿರದು. ಅದಕ್ಕೇ ಸೆಂಟ್ರಿಫ್ಯೂಜ್. ವಾಷಿಂಗ್ ಮಷೀನಿನ ಸ್ಪಿನ್‌ನಂತೆ ರಭಸದಿಂದ ತಿರುಗುವ, ಒಳಗಿನ ಉಷ್ಣಾಂಶವನ್ನು ಹಿಡಿದಿಡುವ ದೊಡ್ಡ ಯಂತ್ರ ಇದು. ಕೆಂಪುಕಣ ಎಲ್ಲಕ್ಕಿಂತ ಭಾರ, ತಳ ಸೇರುತ್ತದೆ. ಅದರ ಮೇಲೆ ಬಿಳಿಕಣ, ಆಮೇಲೆ ಪ್ಲೇಟ್‌ಲೆಟ್, ತುದಿಯಲ್ಲಿ ಪ್ಲಾಸ್ಮಾ.

ಎದುರುಬದುರಿನ ಬಟ್ಟಲುಗಳ ತೂಕ ಸಮ ಇರಬೇಕು. ಇಲ್ಲದಿದ್ದರೆ ಯಂತ್ರ ಅದುರಿ ಪದರಗಳು ಕದಡುತ್ತವೆ, ಕೆಲವೊಮ್ಮೆ ಚೀಲವೇ ಒಡೆಯುತ್ತದೆ. ಹಗುರ ಚೀಲದ ಕಡೆ ರಬ್ಬರ್ ತುಂಡು ಸೇರಿಸಿ ತೂಕ ಸರಿದೂಗಿಸುತ್ತಾರೆ.

ಪ್ಲೇಟ್‌ಲೆಟ್ ಬೇಕೆಂದರೆ ಎರಡು ಸುತ್ತು ತಿರುಗಿಸಬೇಕು. ಮೊದಲ ಸುತ್ತು ಹಗುರ: ಭೂಮಿಯ ಗುರುತ್ವದ ಸುಮಾರು 2,000 ಪಟ್ಟು ಬಲ, ಕೆಲವೇ ನಿಮಿಷ, 22 ಡಿಗ್ರಿಯಲ್ಲಿ. ಆಗ ಕೆಂಪುಕಣ ಕೂರುತ್ತದೆ, ಪ್ಲೇಟ್‌ಲೆಟ್ ಇನ್ನೂ ಪ್ಲಾಸ್ಮಾದಲ್ಲೇ ತೇಲುತ್ತಿರುತ್ತದೆ. ಚೀಲವನ್ನು ಅಲುಗಿಸದೆ ಎತ್ತಿ ಎಕ್ಸ್‌ಪ್ರೆಸರ್ ಎಂಬ ಸಾಧನಕ್ಕೆ ಸಿಕ್ಕಿಸುತ್ತಾರೆ. ಸ್ಪ್ರಿಂಗ್ ಇರುವ ಎರಡು ಹಲಗೆಗಳ ನಡುವೆ ಚೀಲ ಒತ್ತಿದಾಗ ಮೇಲಿನ ಹಳದಿ ದ್ರವ ಕೊಳವೆಯಲ್ಲಿ ಏರಿ ಮರಿಚೀಲ ಸೇರುತ್ತದೆ. ಕೆಂಪು ಪದರ ಕೊಳವೆಯ ಬಾಯಿಗೆ ಬರುವ ಮುನ್ನ ಕ್ಲ್ಯಾಂಪ್ ಹಾಕಬೇಕು. ಒಂದು ಕ್ಷಣ ತಡವಾದರೂ ಕೆಂಪುಕಣ ನುಸುಳುತ್ತದೆ. ತಂತ್ರಜ್ಞರ ಕೈಚಳಕ ಕಾಣುವುದೇ ಈ ಗಳಿಗೆಯಲ್ಲಿ.

ಎರಡನೆಯ ಸುತ್ತು ಜೋರು, ಸುಮಾರು 5,000 ಪಟ್ಟು. ಈಗ ಪ್ಲೇಟ್‌ಲೆಟ್ ಮರಿಚೀಲದ ತಳಕ್ಕೆ ಉಂಡೆಯಂತೆ ಅಂಟಿಕೊಳ್ಳುತ್ತದೆ. 50ರಿಂದ 70 ಮಿಲಿಲೀಟರ್ ಪ್ಲಾಸ್ಮಾವನ್ನು ಅದರೊಂದಿಗೇ ಬಿಟ್ಟು ಉಳಿದದ್ದನ್ನು ಮೂರನೆಯ ಚೀಲಕ್ಕೆ ಹಿಂಡುತ್ತಾರೆ. ಪ್ಲೇಟ್‌ಲೆಟ್ ಚೀಲವನ್ನು ಸುಮಾರು ಒಂದು ಗಂಟೆ ಹಾಗೇ ಬಿಟ್ಟರೆ ಉಂಡೆ ತಾನಾಗಿ ಸಡಿಲಾಗುತ್ತದೆ. ಆತುರಪಟ್ಟು ಕುಲುಕಿದರೆ ಗಂಟುಗಂಟಾಗಿ ಉಳಿದುಬಿಡುತ್ತದೆ. ಮೊದಲು ಜೋರಾಗಿ ತಿರುಗಿಸಿ, ಬಿಳಿಕಣ ಮತ್ತು ಪ್ಲೇಟ್‌ಲೆಟ್ ಇರುವ ತೆಳು ನಡುಪದರವನ್ನು ಎತ್ತಿಕೊಂಡು, ಬಳಿಕ ಹಗುರಾಗಿ ತಿರುಗಿಸುವ ಇನ್ನೊಂದು ವಿಧಾನವೂ ಇದೆ. ಅದಕ್ಕೆ ಬಫಿ ಕೋಟ್ ವಿಧಾನ ಎಂದು ಹೆಸರು.

ಇಷ್ಟೂ ಕೆಲಸ ರಕ್ತ ತೆಗೆದ 6ರಿಂದ 8 ಗಂಟೆಯೊಳಗೆ ಮುಗಿಯಬೇಕು. ಅಲ್ಲಿಯವರೆಗೆ ಚೀಲವನ್ನು ಫ್ರಿಜ್‌ಗೆ ಸೇರಿಸುವಂತಿಲ್ಲ, 20-24 ಡಿಗ್ರಿಯಲ್ಲೇ ಇರಬೇಕು. ದೂರದ ಹಳ್ಳಿಯಲ್ಲಿ ಶಿಬಿರ ನಡೆದು, ಚೀಲಗಳು ಐಸ್ ಪೆಟ್ಟಿಗೆಯಲ್ಲಿ ರಾತ್ರಿ ಊರು ಸೇರಿದರೆ ಕೆಂಪುಕಣ ಸಿಗುತ್ತದೆ, ಪ್ಲೇಟ್‌ಲೆಟ್ ಸಿಗುವುದಿಲ್ಲ. ನೂರು ಜನ ರಕ್ತ ಕೊಟ್ಟ ಶಿಬಿರದಿಂದ ನೂರು ಪ್ಲೇಟ್‌ಲೆಟ್ ಚೀಲ ಬರದಿರುವುದಕ್ಕೆ ಇದೂ ಒಂದು ಕಾರಣ.

ಕೆಂಪುಕಣ: 2ರಿಂದ 6 ಡಿಗ್ರಿ

ಪ್ಲಾಸ್ಮಾ ಹಿಂಡಿದ ಮೇಲೆ ದೊಡ್ಡ ಚೀಲದಲ್ಲಿ ಉಳಿಯುವುದು ಪ್ಯಾಕ್ಡ್ ಸೆಲ್. ಮೇಲೆ ಹೇಳಿದ ಸಿಟ್ರೇಟ್-ಅಡೆನಿನ್ ದ್ರಾವಣವೊಂದೇ ಇದ್ದರೆ ಇದು 35 ದಿನ ಇರುತ್ತದೆ. ಸ್ಯಾಗ್‌ಎಂ ಎಂಬ ಪೋಷಕ ದ್ರಾವಣ ಸೇರಿಸಿದರೆ 42 ದಿನ. ಅದರಲ್ಲಿ ಉಪ್ಪುನೀರು, ಅಡೆನಿನ್, ಗ್ಲೂಕೋಸ್ ಜೊತೆಗೆ ಕಣದ ಗೋಡೆ ಒಡೆಯದಂತೆ ಕಾಯುವ ಮ್ಯಾನಿಟಾಲ್ ಇರುತ್ತದೆ.

ಚಳಿಯಲ್ಲಿ ಕೆಂಪುಕಣ ಸಾಯುವುದಿಲ್ಲ, ನಿಧಾನವಾಗುತ್ತದೆ. ಸಕ್ಕರೆ ತಿನ್ನುವುದು ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದೂ ಕಡಿಮೆ. ಆದರೂ ದಿನ ಕಳೆದಂತೆ ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಆಮ್ಲಜನಕವನ್ನು ಬಿಟ್ಟುಕೊಡಲು ನೆರವಾಗುವ ಒಂದು ರಾಸಾಯನಿಕ ಇಳಿಯುತ್ತದೆ, ಕೆಲವು ಕಣಗಳು ಒಡೆಯುತ್ತವೆ. 35, 42 ಎಂಬ ಗಡುವು ಇಟ್ಟಿರುವುದು, ಏರಿಸಿದ 24 ಗಂಟೆಯ ನಂತರವೂ ಕನಿಷ್ಠ ಮುಕ್ಕಾಲು ಪಾಲು ಕಣ ರೋಗಿಯ ಮೈಯಲ್ಲಿ ಉಳಿದಿರಬೇಕೆಂಬ ಅಳತೆಯ ಮೇಲೆ. ದೊಡ್ಡವರಲ್ಲಿ ಒಂದು ಯೂನಿಟ್‌ನಿಂದ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ.

ಕೆಳಮಿತಿಯೂ ಮೇಲ್ಮಿತಿಯಷ್ಟೇ ಮುಖ್ಯ. ಚಳಿಗೆ ಮಂಜುಗಟ್ಟಿದರೆ ಕಣಗಳು ಸಿಡಿದು ಚೀಲವಿಡೀ ಕೆಂಪು ನೀರಾಗುತ್ತದೆ. ಅದನ್ನು ಏರಿಸಿದರೆ ಮೂತ್ರಪಿಂಡಕ್ಕೆ ಕುತ್ತು. ಮನೆಯ ಫ್ರಿಜ್‌ನಲ್ಲಿ ಬಾಗಿಲ ಬಳಿ 10 ಡಿಗ್ರಿ ಇದ್ದು ಫ್ರೀಜರ್ ಪಕ್ಕ ಸೊನ್ನೆಗೆ ಇಳಿಯಬಹುದು. ರಕ್ತದ ಫ್ರಿಜ್‌ನಲ್ಲಿ ಗಾಳಿ ಸುತ್ತಿಸುವ ಫ್ಯಾನ್, ಉಷ್ಣಾಂಶ ದಾಖಲಿಸುವ ಸಾಧನ, ಮಿತಿ ದಾಟಿದರೆ ಕೂಗುವ ಅಲಾರಂ ಇರುತ್ತವೆ. ತಾಲ್ಲೂಕು ಆಸ್ಪತ್ರೆಗಳ ರಕ್ತ ಶೇಖರಣಾ ಘಟಕಗಳಲ್ಲಿ ಹೆರಿಗೆಗೆಂದು ಇಡುವುದು ಮುಖ್ಯವಾಗಿ ಈ ಪ್ಯಾಕ್ಡ್ ಸೆಲ್‌ಗಳನ್ನು. ಅಲ್ಲಿ ವಿಂಗಡಣೆ ನಡೆಯುವುದಿಲ್ಲ. ಪಕ್ಕದ ದೊಡ್ಡ ರಕ್ತನಿಧಿಯಿಂದ ಸಿದ್ಧ ಚೀಲ ತರಿಸಿಕೊಂಡು ಕಾಪಿಡುತ್ತಾರೆ.

ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸೇಮಿಯಾ ಮಕ್ಕಳಿಗೆ ಕೆಲವೇ ವಾರಕ್ಕೊಮ್ಮೆ, ಬದುಕಿಡೀ ಕೆಂಪುಕಣ ಬೇಕು. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯವರಲ್ಲೂ ಕೆಲವರಿಗೆ ಮತ್ತೆ ಮತ್ತೆ ಬೇಕಾಗುತ್ತದೆ. ಇಂಥವರಿಗೆ ಬಿಳಿಕಣ ಸೋಸಿದ ಚೀಲ ಕೊಟ್ಟರೆ ಜ್ವರ-ನಡುಕ ಕಡಿಮೆ. ಸೋಸಿದ ಮೇಲೆ ಒಂದು ಚೀಲದಲ್ಲಿ 50 ಲಕ್ಷಕ್ಕಿಂತ ಕಡಿಮೆ ಬಿಳಿಕಣ ಇರಬೇಕೆಂಬುದು ಅಳತೆ. ಸೋಸದ ಚೀಲದಲ್ಲಿ ಇದರ ನೂರಾರು ಪಟ್ಟು ಇರುತ್ತದೆ.

ಪ್ಲೇಟ್‌ಲೆಟ್: ಐದು ದಿನ, ಬಿಡುವಿಲ್ಲದ ತೂಗಾಟ

ಮೊದಮೊದಲು ಪ್ಲೇಟ್‌ಲೆಟ್‌ಗಳನ್ನೂ ಫ್ರಿಜ್‌ನಲ್ಲೇ ಇಡುತ್ತಿದ್ದರು. ಏರಿಸಿದ ಸ್ವಲ್ಪ ಹೊತ್ತಿಗೇ ಅವು ರೋಗಿಯ ರಕ್ತದಿಂದ ಮಾಯವಾಗುತ್ತಿದ್ದವು. 22 ಡಿಗ್ರಿಯಲ್ಲಿಟ್ಟವು ದಿನಗಟ್ಟಲೆ ಉಳಿಯುತ್ತವೆ ಎಂದು ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ 1969ರಲ್ಲಿ ತೋರಿಸಿದರು. ಚಳಿ ತಾಗಿದ ಪ್ಲೇಟ್‌ಲೆಟ್ ತನ್ನ ಚಪ್ಪಟೆ ಬಿಲ್ಲೆಯ ಆಕಾರ ಬಿಟ್ಟು ಮುಳ್ಳುಮುಳ್ಳಾದ ಗುಂಡಾಗುತ್ತದೆ. ಅದರ ಹೊರಮೈಯಲ್ಲಾದ ಬದಲಾವಣೆಯನ್ನು ಯಕೃತ್ತು ಗುರುತಿಸಿ ಕೂಡಲೇ ನುಂಗಿಬಿಡುತ್ತದೆ.

22 ಡಿಗ್ರಿಯಲ್ಲಿ ಪ್ಲೇಟ್‌ಲೆಟ್ ಪೂರ್ತಿ ಎಚ್ಚರವಾಗಿರುತ್ತದೆ, ಉಸಿರಾಡುತ್ತದೆ. ಆಮ್ಲಜನಕ ಚೀಲದ ಪ್ಲಾಸ್ಟಿಕ್ಕಿನ ಮೂಲಕವೇ ಒಳಬರಬೇಕು, ಇಂಗಾಲದ ಡೈಆಕ್ಸೈಡ್ ಅದರ ಮೂಲಕವೇ ಹೊರಹೋಗಬೇಕು. ಅದಕ್ಕಾಗಿ ಗಾಳಿಯಾಡುವ ವಿಶೇಷ ಪ್ಲಾಸ್ಟಿಕ್ ಬಳಸುತ್ತಾರೆ. ಚೀಲಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ, ಮೈತುಂಬ ಲೇಬಲ್ ಅಂಟಿಸುವುದಿಲ್ಲ. ಅಜಿಟೇಟರ್ ಎಂಬ ತೊಟ್ಟಿಲು ಚೀಲಗಳನ್ನು ನಿಮಿಷಕ್ಕೆ 60-70 ಸಲ ಹಗಲೂ ರಾತ್ರಿ ತೂಗುತ್ತಿರುತ್ತದೆ. ತೂಗಾಟ ನಿಂತರೆ ಪ್ಲೇಟ್‌ಲೆಟ್ ತಳದಲ್ಲಿ ಗುಡ್ಡೆಯಾಗಿ, ಒಳಗಿನವಕ್ಕೆ ಆಮ್ಲಜನಕ ಸಿಗದೆ, ಹಾಲು ಹುಳಿಯಾಗುವಾಗ ಹುಟ್ಟುವಂಥದೇ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ಹುಳಿಯ ಅಳತೆಯಾದ ಪಿಎಚ್ 6ಕ್ಕಿಂತ ಇಳಿದ (ಅಂದರೆ ಹುಳಿ ಹೆಚ್ಚಿದ) ಚೀಲ ಬಳಕೆಗೆ ಬಾರದು. ಸಾಗಾಟಕ್ಕೆಂದು ಕೆಲವು ಗಂಟೆ ತೂಗಾಟ ನಿಂತರೆ ಹಾನಿಯಿಲ್ಲ, ಒಟ್ಟು 24 ಗಂಟೆ ಮೀರಬಾರದು.

ಚೀಲ ಚೆನ್ನಾಗಿದೆಯೇ ಎಂದು ನೋಡಲು ಸುಲಭದ ಒಂದು ಪರೀಕ್ಷೆಯಿದೆ. ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಾಗ, ರೇಷ್ಮೆ ಸೀರೆಯ ಸೆರಗು ಹೊರಳಿದಂತೆ ಒಳಗೊಂದು ಮಿಂಚು ಸುಳಿಯಬೇಕು. ಚಪ್ಪಟೆ ಬಿಲ್ಲೆಗಳು ಬೆಳಕನ್ನು ಬೇರೆಬೇರೆ ಕಡೆ ಚದುರಿಸುವುದರಿಂದ ಹಾಗೆ ಕಾಣುತ್ತದೆ. ಗುಂಡಾದವುಗಳಲ್ಲಿ ಆ ಸುಳಿ ಇರುವುದಿಲ್ಲ, ಚೀಲ ಮಂಕಾಗಿರುತ್ತದೆ.

ಹಾಗಾದರೆ ಐದೇ ದಿನ ಯಾಕೆ? ದೋಸೆ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟರೆ ದಿನಗಟ್ಟಲೆ ಇರುತ್ತದೆ, ಹೊರಗಿಟ್ಟರೆ ಬೆಳಗಾಗುವುದರೊಳಗೆ ಹುದುಗುತ್ತದೆ. ದಾನಿಯ ಚರ್ಮದ ಮೇಲಿನ ನಾಲ್ಕಾರು ಬ್ಯಾಕ್ಟೀರಿಯಾ ಸೂಜಿಯೊಂದಿಗೆ ಒಳಬಂದಿದ್ದರೆ, ಫ್ರಿಜ್‌ನಲ್ಲಿರುವ ಕೆಂಪುಕಣದ ಚೀಲದಲ್ಲಿ ಹೆಚ್ಚಿನವು ಬೆಳೆಯುವುದಿಲ್ಲ. 22 ಡಿಗ್ರಿಯ ಪ್ಲೇಟ್‌ಲೆಟ್ ಚೀಲದಲ್ಲಿ ಐದು ದಿನದಲ್ಲಿ ಕೋಟಿಗಟ್ಟಲೆಯಾಗಬಹುದು. ತೋಳನ್ನು ಅಷ್ಟು ಹೊತ್ತು ಉಜ್ಜಿ ಶುಚಿ ಮಾಡುವುದು, ಮೊದಲ ಕೆಲವು ಮಿಲಿಲೀಟರ್ ರಕ್ತವನ್ನು ಬೇರೆ ಪುಟ್ಟ ಚೀಲಕ್ಕೆ ತಿರುಗಿಸಿ ಪರೀಕ್ಷೆಗೆ ಬಳಸುವುದು, ಎಲ್ಲವೂ ಈ ಅಪಾಯ ತಗ್ಗಿಸಲಿಕ್ಕೆ. ಐದು ದಿನದಲ್ಲಿ ಒಂದು ದಿನ ಪರೀಕ್ಷೆಗಳಲ್ಲೇ ಹೋಗುತ್ತದೆ. ಉಳಿಯುವುದು ನಾಲ್ಕು. ಜೂನ್‌ನಲ್ಲಿ ಸಂಗ್ರಹಿಸಿ ಆಗಸ್ಟಿನ ಡೆಂಗೆಗೆ ಇಡುವುದು ಆಗದ ಮಾತು.

ಆರ್‌ಡಿಪಿ, ಎಸ್‌ಡಿಪಿ

ಮಾಮೂಲಿ ರಕ್ತದಾನದ ಚೀಲದಿಂದ ಬೇರ್ಪಡಿಸಿದ್ದು ರ‍್ಯಾಂಡಮ್ ಡೋನರ್ ಪ್ಲೇಟ್‌ಲೆಟ್, ಅಂದರೆ ಆರ್‌ಡಿಪಿ. 350 ಮಿಲಿಲೀಟರ್ ರಕ್ತದಿಂದ ಬಂದ ಒಂದು ಯೂನಿಟ್‌ನಲ್ಲಿ ಕನಿಷ್ಠ 3,500 ಕೋಟಿ ಪ್ಲೇಟ್‌ಲೆಟ್ ಇರಬೇಕು. ಇದರಿಂದ ದೊಡ್ಡವರಲ್ಲಿ ಎಣಿಕೆ 5,000ದಿಂದ 10,000 ಏರಬಹುದು. ಹಾಗಾಗಿ 4ರಿಂದ 6 ಯೂನಿಟ್ ಕೇಳುತ್ತಾರೆ. ಅಷ್ಟೇ ಜನ ಬೇರೆಬೇರೆ ದಾನಿಗಳ ಅಂಶ ರೋಗಿಯ ಮೈ ಸೇರುತ್ತದೆ.

ಎಸ್‌ಡಿಪಿ ಎಂದರೆ ಸಿಂಗಲ್ ಡೋನರ್ ಪ್ಲೇಟ್‌ಲೆಟ್. ದಾನಿಯನ್ನು ಅಫೆರೆಸಿಸ್ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರ ರಕ್ತ ಎಳೆದು, ಅಲ್ಲೇ ತಿರುಗಿಸಿ, ಪ್ಲೇಟ್‌ಲೆಟ್ ಇಟ್ಟುಕೊಂಡು ಉಳಿದದ್ದನ್ನು ಮರಳಿಸುತ್ತದೆ. 60-90 ನಿಮಿಷದಲ್ಲಿ ಕನಿಷ್ಠ 30,000 ಕೋಟಿ ಸಿಗುತ್ತದೆ, ಹಲವು ಆರ್‌ಡಿಪಿಗೆ ಸಮ. ಎಣಿಕೆ 30,000ದಿಂದ 50,000 ಏರಬಹುದು. ದಾನಿಯ ತೂಕ 50 ಕೆ.ಜಿ. ದಾಟಿರಬೇಕು, ಅವರ ಪ್ಲೇಟ್‌ಲೆಟ್ ಎಣಿಕೆ 1.5 ಲಕ್ಷಕ್ಕಿಂತ ಹೆಚ್ಚಿರಬೇಕು, ತೋಳಿನ ರಕ್ತನಾಳ ದಪ್ಪಗಿರಬೇಕು. ಮರಳಿ ಬರುವ ಸಿಟ್ರೇಟ್‌ನಿಂದ ತುಟಿ, ಬೆರಳ ತುದಿ ಜುಮ್ಮೆನ್ನುವುದುಂಟು. ಯಂತ್ರದ ವೇಗ ತಗ್ಗಿಸಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಹೋಗುತ್ತದೆ. ಕಳೆದುಕೊಂಡ ಪ್ಲೇಟ್‌ಲೆಟ್ ಕೆಲವೇ ದಿನದಲ್ಲಿ ಮತ್ತೆ ತುಂಬುವುದರಿಂದ 48 ಗಂಟೆಯ ಅಂತರದಲ್ಲಿ ಮತ್ತೊಮ್ಮೆ ಕೊಡಬಹುದು. ಆದರೆ ವಾರಕ್ಕೆ ಎರಡು, ವರ್ಷಕ್ಕೆ 24 ಸಲ ಮೀರುವಂತಿಲ್ಲ. ಪ್ರತಿ ದಾನಕ್ಕೂ ಹೊಸ ಕಿಟ್ ಬೇಕು. ಎಸ್‌ಡಿಪಿ ದುಬಾರಿಯಾಗಿರುವುದು ಮುಖ್ಯವಾಗಿ ಆ ಕಿಟ್‌ನಿಂದ.

ಎಣಿಕೆ 40,000ಕ್ಕೆ ಇಳಿದ ಕೂಡಲೇ ಮನೆಯವರು ಪ್ಲೇಟ್‌ಲೆಟ್ ಹುಡುಕಿ ಹೊರಡುತ್ತಾರೆ. ಡೆಂಗೆಯಲ್ಲಿ ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗಿಳಿದಾಗ ಮಾತ್ರ ಮುಂಜಾಗ್ರತೆಗೆಂದು ಏರಿಸುವುದು ದೇಶದ ಮಾರ್ಗಸೂಚಿಯಲ್ಲಿರುವ ಕ್ರಮ. ರಕ್ತಸ್ರಾವ ಇದ್ದರೆ ಲೆಕ್ಕ ಬೇರೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಡೆಂಗೆಯಲ್ಲಿ ಜೀವಕ್ಕೆ ಕುತ್ತಾಗುವುದು ಹೆಚ್ಚಾಗಿ ರಕ್ತನಾಳದಿಂದ ಪ್ಲಾಸ್ಮಾ ಸೋರಿ ರಕ್ತದೊತ್ತಡ ಕುಸಿಯುವುದು. ಅದಕ್ಕೆ ಮದ್ದು ಅಳೆದು ಕೊಡುವ ಸಲೈನ್. ಏರಿಸಿದ ಪ್ಲೇಟ್‌ಲೆಟ್ ಜ್ವರದ ಭರದಲ್ಲಿ ಬೇಗ ನಾಶವಾಗುತ್ತದೆ, ಚೇತರಿಕೆ ಶುರುವಾದ ಮೇಲೆ ಮೈಯೇ ತಾನಾಗಿ ಉತ್ಪಾದಿಸುತ್ತದೆ.

ಪ್ಲಾಸ್ಮಾ ಮತ್ತು ಕ್ರಯೊ

ಮೂರನೆಯ ಚೀಲದ ಪ್ಲಾಸ್ಮಾವನ್ನು ಬೇಗನೆ ಮಂಜುಗಟ್ಟಿಸಿ ಸೊನ್ನೆಗಿಂತ 30 ಡಿಗ್ರಿ ಅಥವಾ ಇನ್ನೂ ಕೆಳಗಿಟ್ಟರೆ ಒಂದು ವರ್ಷ ಇರುತ್ತದೆ. ಇದೇ ಎಫ್‌ಎಫ್‌ಪಿ, ಅಂದರೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ. ರಕ್ತ ಹೆಪ್ಪುಗಟ್ಟಿಸುವ, ಸಂಖ್ಯೆಯಿಂದಲೇ ಕರೆಯುವ ಅಂಶಗಳಲ್ಲಿ 5 ಮತ್ತು 8ನೆಯವು ಬಲು ಸೂಕ್ಷ್ಮ. ಮೇಲೆ ಹೇಳಿದ 6-8 ಗಂಟೆಯ ಗಡುವು ಇರುವುದು ಅವಕ್ಕಾಗಿ.

ರಾತ್ರಿ ಕರೆಂಟ್ ಹೋಗಿ ಪ್ಲಾಸ್ಮಾ ಕರಗಿ ಬೆಳಿಗ್ಗೆ ಮತ್ತೆ ಗಟ್ಟಿಯಾದರೆ ನೋಡಿದವರಿಗೆ ಗೊತ್ತಾಗುವುದು ಹೇಗೆ? ಹಳೆಯ ಉಪಾಯವೊಂದಿದೆ. ಮಂಜುಗಟ್ಟಿಸುವ ಮುನ್ನ ಚೀಲದ ನಡುವಿಗೆ ರಬ್ಬರ್ ಬ್ಯಾಂಡ್ ಹಾಕಿ, ಗಟ್ಟಿಯಾದ ಮೇಲೆ ತೆಗೆಯುತ್ತಾರೆ. ಸೊಂಟದಂಥ ತಗ್ಗು ಉಳಿಯುತ್ತದೆ. ಆ ತಗ್ಗು ಮಾಯವಾಗಿದ್ದರೆ ನಡುವೆ ಕರಗಿತ್ತೆಂದೇ ಅರ್ಥ, ಚೀಲ ಬಳಸುವುದಿಲ್ಲ.

ಬಳಸುವಾಗ 37 ಡಿಗ್ರಿ ನೀರಿನ ತೊಟ್ಟಿಯಲ್ಲಿ, ಹೊರಗೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ, 20-30 ನಿಮಿಷ ಕರಗಿಸುತ್ತಾರೆ. ಚೀಲದ ಬಾಯಿಗೆ ನೀರು ತಾಗಬಾರದು. ಬಿಸಿ ಹೆಚ್ಚಿದರೆ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಕೆಡುತ್ತದೆ. ಅಷ್ಟು ಚಳಿಯಲ್ಲಿ ಪ್ಲಾಸ್ಟಿಕ್ ಗಾಜಿನಷ್ಟೇ ಪೆಡಸು, ಮೇಜಿಗೆ ತಗುಲಿದರೂ ಸೀಳಬಹುದು. ಪ್ರಮಾಣ ಕೆ.ಜಿ. ತೂಕಕ್ಕೆ 10-15 ಮಿಲಿಲೀಟರ್. ನಿಶ್ಶಕ್ತಿಗೆಂದೋ ಪ್ರೋಟೀನು ಕಡಿಮೆಯೆಂದೋ ಎಫ್‌ಎಫ್‌ಪಿ ಕೊಡುವ ರೂಢಿ ಕೆಲವು ಕಡೆ ಇದೆ. ಅದಕ್ಕೆ ಆಧಾರವಿಲ್ಲ.

ಗಟ್ಟಿಯಾದ ತುಪ್ಪವನ್ನು ನಿಧಾನಕ್ಕೆ ಬೆಚ್ಚಗೆ ಮಾಡಿದರೆ ತಳದಲ್ಲಿ ಮರಳು ಮರಳಾದದ್ದು ಕೊನೆಯವರೆಗೂ ಕರಗದೆ ಉಳಿಯುತ್ತದೆ. ಪ್ಲಾಸ್ಮಾವನ್ನು 37ರ ಬದಲು 4 ಡಿಗ್ರಿಯಲ್ಲಿ ರಾತ್ರಿಯಿಡೀ ಕರಗಿಸಿದರೂ ಹೀಗೊಂದು ಬಿಳಿ ಗಷ್ಟು ಉಳಿಯುತ್ತದೆ. ರಕ್ತಸ್ರಾವ ನಿಲ್ಲಿಸುವ 8ನೆಯ ಅಂಶ ಇದರಲ್ಲೇ ಅಡಕವಾಗಿದೆ ಎಂದು 1960ರ ದಶಕದ ನಡುವೆ ಕಂಡುಕೊಂಡವರು ಅಮೆರಿಕದ ವಿಜ್ಞಾನಿ ಜೂಡಿತ್ ಪೂಲ್. ಆ ಗಷ್ಟನ್ನು 10-20 ಮಿಲಿಲೀಟರ್ ಪ್ಲಾಸ್ಮಾದೊಂದಿಗೆ ಉಳಿಸಿ ಮತ್ತೆ ಮಂಜುಗಟ್ಟಿಸಿದ್ದೇ ಕ್ರಯೊಪ್ರಿಸಿಪಿಟೇಟ್, ಚಿಕ್ಕದಾಗಿ ಕ್ರಯೊ. ಹುಟ್ಟಿನಿಂದಲೇ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ರೋಗಿಗಳು ದಶಕಗಳ ಕಾಲ ಇದನ್ನೇ ನಂಬಿದ್ದರು. ಈಗ ಶುದ್ಧೀಕರಿಸಿದ ಫ್ಯಾಕ್ಟರ್ ಚುಚ್ಚುಮದ್ದು ಬಂದ ಮೇಲೆ ಕ್ರಯೊ ಹೆಚ್ಚು ಬಳಕೆಯಾಗುವುದು, ಹೆರಿಗೆಯ ರಕ್ತಸ್ರಾವದಂಥ ಸಂದರ್ಭದಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಪ್ರೋಟೀನು ಕುಸಿದಾಗ. ಕರಗಿಸಿದ ಕ್ರಯೊವನ್ನು ಫ್ರಿಜ್‌ಗೆ ಹಾಕಿದರೆ ಮತ್ತೆ ಗಷ್ಟು ಕಟ್ಟುತ್ತದೆ. ಕೋಣೆಯ ಉಷ್ಣಾಂಶದಲ್ಲಿಟ್ಟು ಕೆಲವೇ ಗಂಟೆಯೊಳಗೆ ಬಳಸಬೇಕು.

ಪರೀಕ್ಷೆಗಳು, ಗುಂಪಿನ ಲೆಕ್ಕ

ವಿಂಗಡಣೆ ನಡೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಪರೀಕ್ಷೆ ನಡೆದಿರುತ್ತದೆ. ಭಾರತದಲ್ಲಿ ಪ್ರತಿ ಚೀಲಕ್ಕೂ ಐದು ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಫಲಿತಾಂಶ ಬರುವವರೆಗೆ ಚೀಲ ಬೇರೆ ಕಪಾಟಿನಲ್ಲಿ, ‘ಪರೀಕ್ಷೆಯಾಗಿಲ್ಲ’ ಎಂಬ ಗುರುತಿನೊಂದಿಗೆ ಇರುತ್ತದೆ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಗದ ಒಂದು ಅವಧಿ ಇರುತ್ತದೆ. ನ್ಯಾಟ್ ಎಂಬ ಹೆಚ್ಚುವರಿ ಪರೀಕ್ಷೆ ಅದನ್ನು ಮೊಟಕುಗೊಳಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ದುಡ್ಡಿಗಾಗಿ ರಕ್ತ ಮಾರುವವರು ತಮ್ಮ ಕಾಯಿಲೆ ಮುಚ್ಚಿಡುವ ಸಂಭವ ಹೆಚ್ಚು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 1998ರ ಜನವರಿಯಿಂದ ರಕ್ತ ಮಾರಾಟಗಾರರಿಂದ ಸಂಗ್ರಹಿಸುವುದೇ ನಿಷಿದ್ಧವಾಯಿತು.

ಗುಂಪಿನ ವಿಷಯದಲ್ಲಿ ಜನ ಎಡವುವುದು ಇಲ್ಲಿ: ‘ಒ ಗುಂಪು ಎಲ್ಲರಿಗೂ ಆಗುತ್ತದೆ’ ಎಂಬ ಮಾತು ಕೆಂಪುಕಣಕ್ಕೆ ಮಾತ್ರ ಅನ್ವಯ. ಪ್ಲಾಸ್ಮಾದಲ್ಲಿ ಲೆಕ್ಕ ತಿರುವುಮುರುವು. ಒ ಗುಂಪಿನವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯ ಇದೆ, ಎಬಿ ಗುಂಪಿನವರಲ್ಲಿ ಯಾವುದೂ ಇಲ್ಲ. ಹಾಗಾಗಿ ಪ್ಲಾಸ್ಮಾದಲ್ಲಿ ಎಲ್ಲರಿಗೂ ಆಗುವುದು ಎಬಿ. ಪ್ಲೇಟ್‌ಲೆಟ್ ಅದೇ ಗುಂಪಿನದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬೇರೆ ಗುಂಪಿನದನ್ನೂ ವೈದ್ಯರ ತೀರ್ಮಾನದಂತೆ ಕೊಡುವುದುಂಟು.

ಕೆಂಪುಕಣಕ್ಕೆ ಕ್ರಾಸ್ ಮ್ಯಾಚ್ ಇಲ್ಲದೆ ಆಗುವುದಿಲ್ಲ. ಚೀಲದ ಕೊಳವೆಯಲ್ಲಿ ಬೆರಳಗಲಕ್ಕೊಂದರಂತೆ ಬೆಸುಗೆ ಹಾಕಿದ ತುಂಡುಗಳಿರುತ್ತವೆ. ಅದರಲ್ಲೊಂದನ್ನು ಕತ್ತರಿಸಿ, ದಾನಿಯ ಕಣವನ್ನು ರೋಗಿಯ ಸೀರಂ (ಹೆಪ್ಪುಗಟ್ಟಿದ ರಕ್ತದ ಮೇಲೆ ಉಳಿಯುವ ತಿಳಿ) ಜೊತೆ ಬೆರೆಸಿ ಗಂಟು ಕಟ್ಟುತ್ತದೆಯೇ ನೋಡುತ್ತಾರೆ. ಒ ಗುಂಪಿನವರೆಂದು ಕಂಡ ರೋಗಿಗೆ ಯಾವ ಒ ಚೀಲವೂ ಹೊಂದದಿದ್ದರೆ ಅದು ಬಾಂಬೆ ಗುಂಪಿರಬಹುದು. 1952ರಲ್ಲಿ ಮುಂಬೈಯಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮೊದಲು ಗುರುತಿಸಿದ ಈ ಅಪರೂಪದ ಗುಂಪಿನವರು ಕರ್ನಾಟಕದಲ್ಲೂ ಇದ್ದಾರೆ. ಅವರಿಗೆ ಅದೇ ಗುಂಪಿನ ರಕ್ತವೇ ಬೇಕು.

‘ತಾಜಾ ರಕ್ತವೇ ಬೇಕು, ತಮ್ಮನದೇ ಕೊಡಿ’

ಆಗಷ್ಟೇ ತೆಗೆದ ಬೆಚ್ಚಗಿನ ರಕ್ತ ಶ್ರೇಷ್ಠ ಎಂಬ ನಂಬಿಕೆ ಬಲವಾಗಿದೆ. ಅದರಲ್ಲಿ ಬಿಳಿಕಣ ಜೀವಂತ ಇರುತ್ತದೆ. ಕೆಲವು ದಿನ ಚಳಿಯಲ್ಲಿಟ್ಟರೆ ಸಾಯುವ ಸಿಫಿಲಿಸ್ ಜೀವಾಣು ಇದ್ದರೆ ಅದೂ ಜೀವಂತ ಇರುತ್ತದೆ. ಪರೀಕ್ಷೆ ಮುಗಿಯುವಷ್ಟರಲ್ಲಿ ರಕ್ತ ಹೇಗೂ ತಣ್ಣಗಾಗಿರುತ್ತದೆ.

ತಮ್ಮನದೋ ಮಗನದೋ ರಕ್ತ ಹೆಚ್ಚು ಸುರಕ್ಷಿತ ಎಂಬುದೂ ತಪ್ಪು ತಿಳಿವಳಿಕೆ. ಬೇರೆಯವರ ಬಿಳಿಕಣ ಒಳಬಂದರೆ ರೋಗಿಯ ಮೈ ಅದನ್ನು ಪರಕೀಯವೆಂದು ಗುರುತಿಸಿ ಕೊಲ್ಲುತ್ತದೆ. ಹತ್ತಿರದ ಸಂಬಂಧಿಯ ಬಿಳಿಕಣದ ಗುರುತು ಅರ್ಧ ತನ್ನದೇ ಇರುವುದರಿಂದ ಮೈ ಮೋಸಹೋಗಿ ಬಿಟ್ಟುಬಿಡುತ್ತದೆ. ಉಳಿದ ಬಿಳಿಕಣ ಬೆಳೆದು ರೋಗಿಯ ಚರ್ಮ, ಕರುಳು, ಅಸ್ಥಿಮಜ್ಜೆಯ ಮೇಲೇ ತಿರುಗಿಬೀಳಬಹುದು. ಇದು ಅಪರೂಪ, ಆದರೆ ಬಂದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಸೋಸುವುದೊಂದೇ ಇದಕ್ಕೆ ಸಾಲದು. 25 ಗ್ರೇ ವಿಕಿರಣ ಹಾಯಿಸಿ ಬಿಳಿಕಣ ಬೆಳೆಯದಂತೆ ಮಾಡಿದ ಮೇಲೆ ಮಾತ್ರ ಸಂಬಂಧಿಕರ ರಕ್ತ ಏರಿಸಬಹುದು. ಆ ಸೌಲಭ್ಯ ಇಲ್ಲದ ಊರಲ್ಲಿ ತಮ್ಮನ ರಕ್ತ ಬೇರೊಬ್ಬರಿಗೆ, ಬೇರೊಬ್ಬರದು ನಿಮ್ಮ ರೋಗಿಗೆ ಎಂಬ ವಿನಿಮಯವೇ ಸರಿ.

ಚೀಲ ಕೌಂಟರ್ ದಾಟಿದ ಮೇಲೆ

ಅನೇಕ ಕಡೆ ಚೀಲ ಒಯ್ಯುವುದು ಮನೆಯವರೇ, ಅದೂ ಬೈಕಿನಲ್ಲಿ. ಪ್ಯಾಕ್ಡ್ ಸೆಲ್‌ ಅನ್ನು ಥರ್ಮಾಕೋಲ್ ಡಬ್ಬಿಯಲ್ಲಿ, ಐಸ್ ಪ್ಯಾಕ್ ಜೊತೆ ಒಯ್ಯಬೇಕು, ಆದರೆ ಐಸ್ ಚೀಲಕ್ಕೆ ನೇರ ತಾಗಬಾರದು. ನಡುವೆ ದಪ್ಪ ರಟ್ಟು ಅಥವಾ ಬಟ್ಟೆ ಇರಲಿ. ಪ್ಲೇಟ್‌ಲೆಟ್ ಪಕ್ಕ ಐಸ್ ಇಡಲೇಬೇಡಿ. ಎರಡನ್ನೂ ಒಯ್ಯುವುದಿದ್ದರೆ ಎರಡು ಡಬ್ಬಿ ಬೇಕು. ದಾರಿಯಲ್ಲಿ ಊಟಕ್ಕೆ ನಿಲ್ಲುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದು ಬೇಡ.

ಕೆಂಪುಕಣದ ಚೀಲ 30 ನಿಮಿಷಕ್ಕಿಂತ ಹೆಚ್ಚು ಹೊರಗಿದ್ದರೆ ರಕ್ತನಿಧಿ ಅದನ್ನು ವಾಪಸ್ ಪಡೆಯುವುದಿಲ್ಲ. ‘ಇರಲಿ’ ಎಂದು ವಾರ್ಡಿನ ಔಷಧಿ ಫ್ರಿಜ್‌ನಲ್ಲಿ ಇಡುವುದೂ ಸಲ್ಲದು. ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿದರೆ ಕಣಗಳು ಒಡೆಯುತ್ತವೆ. ಚೀಲದ ಬಣ್ಣ ನೇರಳೆಯಾಗಿ ಕಪ್ಪಿಗೆ ತಿರುಗಿದ್ದರೆ, ಗೆಡ್ಡೆಗಳಿದ್ದರೆ, ಮೇಲಿನ ತಿಳಿ ಕೆಂಪಾಗಿದ್ದರೆ, ಸೋರುತ್ತಿದ್ದರೆ ಏರಿಸಬಾರದು.

ಏರಿಸುವಾಗ 170-200 ಮೈಕ್ರಾನ್ ಜರಡಿ ಇರುವ ರಕ್ತದ ಸೆಟ್ಟೇ ಬೇಕು. ಪ್ಲೇಟ್‌ಲೆಟ್‌ಗೆ ಹೊಸ ಸೆಟ್. ಕೆಂಪುಕಣ ಹಾದುಹೋದ ಜರಡಿಯಲ್ಲಿ ಪ್ಲೇಟ್‌ಲೆಟ್ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಕೊಳವೆಯಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಬಾರದು. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್‌ನಲ್ಲಿರುವ ಕ್ಯಾಲ್ಸಿಯಂ ಸಿಟ್ರೇಟನ್ನು ಮೀರಿ ಗೆಡ್ಡೆ ಕಟ್ಟಿಸುತ್ತದೆ, ಡೆಕ್ಸ್‌ಟ್ರೋಸ್ ಕೆಂಪುಕಣಗಳನ್ನು ಉಬ್ಬಿಸಿ ಒಡೆಯುತ್ತದೆ. ಮೊದಲ 15 ನಿಮಿಷ ನಿಧಾನ, ಪಕ್ಕದಲ್ಲೇ ನಿಗಾ. ಕೆಂಪುಕಣ 4 ಗಂಟೆಯೊಳಗೆ ಮುಗಿಯಬೇಕು.

ಅತಿ ದೊಡ್ಡ ಅಪಾಯ ಚೀಲದೊಳಗಿಲ್ಲ, ಹೆಸರಿನಲ್ಲಿದೆ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ, ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ಒಬ್ಬರ ಚೀಲ ಇನ್ನೊಬ್ಬರಿಗೆ ಏರಿದರೆ ಕೆಲವೇ ಮಿಲಿಲೀಟರಿನಲ್ಲಿ ಅನಾಹುತ. ರೋಗಿಯ ಹೆಸರು, ಆಸ್ಪತ್ರೆಯ ನಂಬರ್, ಗುಂಪು, ಚೀಲದ ನಂಬರ್, ಅವಧಿ ಮುಗಿಯುವ ದಿನ ಇವನ್ನು ಇಬ್ಬರು ಸಿಬ್ಬಂದಿ ಹಾಸಿಗೆಯ ಪಕ್ಕದಲ್ಲೇ ಓದಿ ತಾಳೆ ನೋಡಬೇಕು. ಪಕ್ಕದಲ್ಲಿರುವ ಮನೆಯವರು ಜೊತೆಗೆ ಓದಿದರೂ ತಪ್ಪಿಲ್ಲ.

ಚಳಿ-ನಡುಕ, ಬೆನ್ನುನೋವು, ಎದೆ ಬಿಗಿತ, ಉಸಿರಾಟದ ತೊಂದರೆ, ಕೆಂಪು ಮೂತ್ರ, ಮೈತುಂಬ ಗಂದೆ ಕಂಡರೆ ಕೂಡಲೇ ನರ್ಸನ್ನು ಕರೆಯಬೇಕು. ಅವರು ರಕ್ತ ನಿಲ್ಲಿಸುತ್ತಾರೆ, ಸೂಜಿ ಮಾತ್ರ ತೆಗೆಯದೆ ಹೊಸ ಸೆಟ್‌ನಲ್ಲಿ ಸಲೈನ್ ಬಿಡುತ್ತಾರೆ. ಉಳಿದ ರಕ್ತದ ಚೀಲವನ್ನು ಕಸದ ಬುಟ್ಟಿಗೆ ಎಸೆಯದೆ, ಸೆಟ್ ಸಮೇತ, ರೋಗಿಯ ಹೊಸ ರಕ್ತದ ಮಾದರಿಯೊಂದಿಗೆ ರಕ್ತನಿಧಿಗೆ ಕಳಿಸಬೇಕು. ರಕ್ತ ಏರಿಸಿದ ಮೇಲೂ ಏಳು ದಿನ ದಾನಿಯ ಮತ್ತು ರೋಗಿಯ ಮಾದರಿಗಳನ್ನು ಅಲ್ಲಿ ಫ್ರಿಜ್‌ನಲ್ಲಿ ಉಳಿಸಿಕೊಂಡಿರುತ್ತಾರೆ. ಎಲ್ಲಿ ತಪ್ಪಾಯಿತೆಂದು ಪತ್ತೆ ಮಾಡುವುದು ಅವುಗಳಿಂದಲೇ.